ಅಂತಿಮ ವರ್ಷದ ತಂಡ ಪ್ರಾಜೆಕ್ಟ್: ವಾಹನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಅಂತಿಮ ವರ್ಷದ ಪ್ರಾಜೆಕ್ಟನ್ನು ಆಯ್ದುಕೊಳ್ಳಲು ಕುಳಿತ ತಂಡದಲ್ಲಿ ಮೊದಲು ಏಳುವ ಪ್ರಶ್ನೆ ಏನನ್ನು ಕಟ್ಟೋಣ ಎಂಬುದು. ರೇಸ್ ಕಾರು, ಕಚ್ಚಾ ನೆಲದಲ್ಲಿ ಓಡುವ ಬಗ್ಗಿ, ವಿದ್ಯುತ್ ವಾಹನ, ಚಾಲಕರಹಿತ ವಾಹನ ಎಂದು ಪಟ್ಟಿ ಬೆಳೆಯುತ್ತದೆ. ಕೊನೆಗೆ ಯಾವುದು ನೋಡಲು ಚೆನ್ನಾಗಿರುತ್ತದೋ ಅದಕ್ಕೇ ಹೆಚ್ಚು ಮತ ಬೀಳುತ್ತದೆ. ಈ ಬರಹ ಹೋಲಿಕೆಗೆ ಬೇರೊಂದು ಅಳತೆಗೋಲನ್ನು ಬಳಸುತ್ತದೆ: ಕಟ್ಟಿ ಮುಗಿಸಿದ ವಸ್ತುವನ್ನು ಓಡಿಸಿ, ಅಳೆದು, ಸರಿಪಡಿಸಿ, ಮತ್ತೊಮ್ಮೆ ಅಳೆಯಲು ಶೈಕ್ಷಣಿಕ ವರ್ಷದಲ್ಲಿ ಎಷ್ಟು ವಾರ ಉಳಿಯುತ್ತದೆ? ಕಾಗದದ ಮೇಲಿನ ಲೆಕ್ಕಕ್ಕೂ ನೆಲದ ಮೇಲಿನ ವರ್ತನೆಗೂ ನಡುವಿನ ಅಂತರವನ್ನು ಕಂಡುಹಿಡಿದು ಅದಕ್ಕೆ ಕಾರಣ ಕೊಡುವುದೇ ಇಂತಹ ಪ್ರಾಜೆಕ್ಟಿನ ತಿರುಳು. ಪ್ರದರ್ಶನದ ಹಿಂದಿನ ರಾತ್ರಿ ಮೊದಲ ಬಾರಿಗೆ ಚಾಲೂ ಆದ ಕಾರು ಆ ಅಂತರದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಶೈಕ್ಷಣಿಕ ವರ್ಷವನ್ನು 30 ವಾರ ಎಂದಿಟ್ಟುಕೊಳ್ಳೋಣ. ಪರೀಕ್ಷೆ, ರಜೆ ಮತ್ತು ವರದಿ ಬರೆಯುವ ಕಾಲ ಕಳೆದರೆ ಕೈಗೆ ಸಿಗುವುದು 22ರಿಂದ 24 ವಾರ. ಅದರಲ್ಲಿ ಕನಿಷ್ಠ 6 ವಾರವನ್ನು ಪರೀಕ್ಷಾರ್ಥ ಓಟ ಮತ್ತು ಅಳತೆಗೆಂದು ಮೊದಲ ದಿನವೇ ಮೀಸಲಿಡಬೇಕು. ಆಗ ವಿನ್ಯಾಸ, ಬಿಡಿಭಾಗಗಳ ಖರೀದಿ, ತಯಾರಿಕೆ, ಜೋಡಣೆ ಇಷ್ಟಕ್ಕೂ ಉಳಿಯುವುದು 16ರಿಂದ 18 ವಾರ ಮಾತ್ರ. ಕೆಳಗಿನ ಆಯ್ಕೆಗಳನ್ನು ಈ ಅವಧಿಯೊಳಗೆ ಕೂರಿಸಿ ನೋಡಿದಾಗ ಅವುಗಳ ನಿಜವಾದ ಗಾತ್ರ ತಿಳಿಯುತ್ತದೆ.

ಪೂರ್ಣ ರೇಸ್ ಕಾರು

ವಿದ್ಯಾರ್ಥಿಗಳ ಕೈಯಲ್ಲಿ ತಯಾರಾಗುವ ಒಬ್ಬರೇ ಕೂರುವ ರೇಸ್ ಕಾರುಗಳ ಸ್ಪರ್ಧೆ ಫಾರ್ಮುಲಾ ಎಸ್‌ಎಇ (ಎಸ್‌ಎಇ: ವಾಹನ ಎಂಜಿನಿಯರುಗಳ ಸಂಘ) ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ 1981ರಲ್ಲಿ ಆರಂಭವಾಯಿತು. ಬ್ರಿಟನ್ನಿನಲ್ಲಿ 1998ರಲ್ಲಿ ಫಾರ್ಮುಲಾ ಸ್ಟೂಡೆಂಟ್ ಎಂಬ ಹೆಸರಿನಿಂದ ಅದು ಬೇರೂರಿತು. 2006ರಲ್ಲಿ ಶುರುವಾದ ಜರ್ಮನಿಯ ಸ್ಪರ್ಧೆಯು 2010ರಲ್ಲಿ ವಿದ್ಯುತ್ ಕಾರುಗಳಿಗೂ 2017ರಲ್ಲಿ ಚಾಲಕರಹಿತ ಕಾರುಗಳಿಗೂ ಪ್ರತ್ಯೇಕ ವಿಭಾಗಗಳನ್ನು ತೆರೆಯಿತು. ಒಟ್ಟು 1000 ಅಂಕಗಳಲ್ಲಿ 325 ಅಂಕಗಳು ಕಾರು ನಿಂತಲ್ಲೇ ನಿರ್ಧಾರವಾಗುತ್ತವೆ: ವಿನ್ಯಾಸದ ಸಮರ್ಥನೆಗೆ 150, ವೆಚ್ಚದ ವಿಶ್ಲೇಷಣೆಗೆ 100, ವ್ಯವಹಾರ ಯೋಜನೆಯ ಮಂಡನೆಗೆ 75. ಓಟದ ಭಾಗದಲ್ಲಿ ದೊಡ್ಡ ಪಾಲು ಸುಮಾರು 22 ಕಿ.ಮೀ. ದೂರದ ಸಹಿಷ್ಣುತೆಯ ಸುತ್ತಿಗೆ ಸೇರಿದ್ದು, ಅದಕ್ಕೆ 275 ಅಂಕಗಳಿವೆ. ಸುತ್ತಿನ ಮಧ್ಯದಲ್ಲಿ ಚಾಲಕರು ಬದಲಾಗಬೇಕು. ನಿಲ್ಲಿಸಿದ ಬಿಸಿ ಎಂಜಿನ್ ಮತ್ತೆ ಚಾಲೂ ಆಗಬೇಕು. ಎಷ್ಟೋ ಕಾರುಗಳ ಕಥೆ ಮುಗಿಯುವುದು ಆ ನಿಲುಗಡೆಯಲ್ಲೇ.

ಪೆಟ್ರೋಲ್ ಕಾರನ್ನು ಆರಿಸಿಕೊಂಡ ತಂಡ ಸಾಮಾನ್ಯವಾಗಿ ಮೋಟಾರ್‌ಸೈಕಲ್ಲಿನ ಎಂಜಿನ್‌ನಿಂದ ಆರಂಭಿಸುತ್ತದೆ. ನಿಯಮಾವಳಿಯ ಪ್ರಕಾರ ಎಂಜಿನ್ ಗಾತ್ರ 710 ಸಿಸಿ ಮೀರುವಂತಿಲ್ಲ, ಒಳಗೆ ಹೋಗುವ ಗಾಳಿಯೆಲ್ಲವೂ 20 ಮಿ.ಮೀ. ವ್ಯಾಸದ ಒಂದೇ ರಂಧ್ರದ ಮೂಲಕ ಹಾದುಹೋಗಬೇಕು. ಈ ಚಿಕ್ಕ ರಂಧ್ರವೊಂದೇ ಒಂದು ಇಡೀ ಪ್ರಾಜೆಕ್ಟಿಗೆ ಸಾಕಾಗುವಷ್ಟು ವಿಷಯವನ್ನು ಒಳಗೊಂಡಿದೆ. ರಂಧ್ರದಲ್ಲಿ ಗಾಳಿಯ ವೇಗ ಶಬ್ದದ ವೇಗವನ್ನು ಮುಟ್ಟಿದ ಮೇಲೆ ಎಂಜಿನ್ ಎಷ್ಟೇ ಎಳೆದರೂ ಹರಿವು ಹೆಚ್ಚುವುದಿಲ್ಲ. ಸಾಮಾನ್ಯ ವಾತಾವರಣದ ಒತ್ತಡ ಮತ್ತು ಉಷ್ಣತೆಯಲ್ಲಿ ಆ ಮಿತಿ ಸೆಕೆಂಡಿಗೆ ಸುಮಾರು 75 ಗ್ರಾಂ. ಗಾಳಿಗೆ ಮಿತಿ ಬಿದ್ದರೆ ಇಂಧನಕ್ಕೂ ಶಕ್ತಿಗೂ ಮಿತಿ ಬಿದ್ದಂತೆಯೇ. ಆದ್ದರಿಂದ ರಂಧ್ರದ ಹಿಂದಿರುವ ಅಗಲವಾಗುವ ಕೊಳವೆಯಲ್ಲಿ ಎಷ್ಟು ಒತ್ತಡವನ್ನು ಮರಳಿ ಪಡೆಯಬಹುದು, ಗಾಳಿ ತುಂಬಿಕೊಳ್ಳುವ ಪ್ಲೀನಮ್ ಎಷ್ಟು ದೊಡ್ಡದಿರಬೇಕು, ಅದು ದೊಡ್ಡದಾದಷ್ಟೂ ಥ್ರಾಟಲ್‌ಗೆ ಎಂಜಿನ್ ಸ್ಪಂದಿಸುವುದು ಎಷ್ಟು ನಿಧಾನವಾಗುತ್ತದೆ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಎಂಜಿನ್ ಶಕ್ತಿಯನ್ನು ಅಳೆಯುವ ಡೈನಮೋಮೀಟರ್ ಲಭ್ಯವಿಲ್ಲದ ತಂಡ ಈ ಪ್ರಶ್ನೆಗಳಿಗೆ ಉತ್ತರವನ್ನು ಊಹಿಸಬಹುದೇ ಹೊರತು ಪಡೆಯಲಾರದು.

ವಿದ್ಯುತ್ ಕಾರಿನಲ್ಲಿ ಗಾಳಿಯ ಸಮಸ್ಯೆಯಿಲ್ಲ, ಗೇರ್‌ಬಾಕ್ಸ್ ಸರಳ, ಟಾರ್ಕ್ ನಿಯಂತ್ರಣ ಮನಬಂದಂತೆ ಸಾಧ್ಯ. ಶಕ್ತಿಗೆ 80 ಕಿಲೋವ್ಯಾಟ್ ಮಿತಿಯಿದೆ. ವೋಲ್ಟೇಜ್ 600ರವರೆಗೂ ಹೋಗಬಹುದು. ಆದರೆ ಕಷ್ಟವೆಲ್ಲ ಬ್ಯಾಟರಿ ಪೆಟ್ಟಿಗೆ ಮತ್ತು ಸುರಕ್ಷಾ ಮಂಡಲದಲ್ಲಿ ಅಡಗಿರುತ್ತದೆ. ತಾಂತ್ರಿಕ ತಪಾಸಣೆಯಲ್ಲಿ ಮಳೆ ಪರೀಕ್ಷೆ ಎಂಬುದೊಂದಿದೆ: ಹೆಚ್ಚಿನ ವೋಲ್ಟೇಜ್ ಚಾಲೂ ಇರುವ ಕಾರಿನ ಮೇಲೆ 120 ಸೆಕೆಂಡ್ ನೀರು ಸಿಂಪಡಿಸಿ, ಆಮೇಲೆ ಇನ್ನೂ 120 ಸೆಕೆಂಡ್ ಕಾಯುತ್ತಾರೆ, ಆ ಅವಧಿಯಲ್ಲಿ ನಿರೋಧನವನ್ನು ಗಮನಿಸುವ ಸಾಧನ ಒಮ್ಮೆ ಎಚ್ಚರಿಕೆ ಕೊಟ್ಟರೂ ಕಾರು ಅನುತ್ತೀರ್ಣ. ಸರಿಯಾಗಿ ಕೂರದ ಒಂದು ಕನೆಕ್ಟರ್ ಸೀಲು ಸಾಕು, ವರ್ಷದ ದುಡಿಮೆ ಟ್ರ್ಯಾಕ್‌ಗೆ ಇಳಿಯದೆ ಉಳಿಯಲು. ಬಲ್ಲ ಎಲೆಕ್ಟ್ರಿಕಲ್ ವಿದ್ಯಾರ್ಥಿಗಳು ಕನಿಷ್ಠ ಇಬ್ಬರಾದರೂ ಇಲ್ಲದ ತಂಡ ಈ ದಾರಿ ಹಿಡಿಯಬಾರದು.

ಪೆಟ್ರೋಲ್ ಇರಲಿ, ವಿದ್ಯುತ್ ಇರಲಿ, ಇಂತಹ ಕಾರಿಗೆ ಹಲವು ಡಜನ್ ಜನರ ತಂಡ ಮತ್ತು ಹಿಂದಿನ ವರ್ಷಗಳಿಂದ ಕೈದಾಟಿ ಬಂದ ತಿಳಿವಳಿಕೆ ಬೇಕು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯ ಮತ್ತು ಲುಸರ್ನ್‌ನ ವಿದ್ಯಾರ್ಥಿಗಳ ‘ಮಿಥೆನ್’ ಎಂಬ ವಿದ್ಯುತ್ ಕಾರು 2023ರಲ್ಲಿ 0.956 ಸೆಕೆಂಡಿನಲ್ಲಿ 100 ಕಿ.ಮೀ. ವೇಗ ಮುಟ್ಟಿ ವಿಶ್ವದಾಖಲೆ ಬರೆಯಿತು. ಅದೇ ಬಳಗದ ‘ಗ್ರಿಮ್ಸೆಲ್’ ಎಂಬ ಕಾರು 2016ರಲ್ಲೇ 1.513 ಸೆಕೆಂಡಿನ ದಾಖಲೆ ಮಾಡಿತ್ತು ಎಂಬುದನ್ನು ಜೊತೆಗಿಟ್ಟು ನೋಡಿದರೆ ಆ ಸಂಖ್ಯೆಯ ಹಿಂದೆ ಎಷ್ಟು ವರ್ಷಗಳ ಸಂಚಯವಿದೆ ಎಂಬುದು ತಿಳಿಯುತ್ತದೆ. ಏನೂ ಇಲ್ಲದಲ್ಲಿಂದ ಆರಂಭಿಸುವ ಆರೇಳು ಜನರ ತಂಡವೊಂದು ಒಂದೇ ವರ್ಷದಲ್ಲಿ ಪೂರ್ಣ ಕಾರನ್ನು ಕಟ್ಟಿ, ಅಳತೆಗೂ ಸಮಯ ಉಳಿಸಿಕೊಳ್ಳುವುದು ಅಸಾಧ್ಯವೆನ್ನುವಷ್ಟು ಕಷ್ಟ. ಕಾಲೇಜಿನಲ್ಲಿ ಈಗಾಗಲೇ ತಂಡವಿದ್ದರೆ ಮಾತ್ರ ಇದು ಅಂತಿಮ ವರ್ಷದ ಆಯ್ಕೆ; ಅಲ್ಲಿಯೂ ಇಡೀ ಕಾರನ್ನು ತಮ್ಮ ಪ್ರಾಜೆಕ್ಟ್ ಎಂದು ತೋರಿಸದೆ ಅದರ ಒಂದು ಭಾಗವನ್ನು ಕೈಗೆತ್ತಿಕೊಳ್ಳುವುದು ಜಾಣತನ.

ಒಂದೇ ಉಪವ್ಯವಸ್ಥೆ, ಆಳವಾಗಿ

ಬಹುಪಾಲು ತಂಡಗಳಿಗೆ ನಾನು ಮೊದಲು ಸೂಚಿಸುವುದು ಈ ಆಯ್ಕೆಯನ್ನೇ. ಬ್ರೇಕ್, ಸ್ಟಿಯರಿಂಗ್, ಸಸ್ಪೆನ್ಷನ್‌ನ ಒಂದು ಮೂಲೆ, ಡಿಫರೆನ್ಷಿಯಲ್ ಕೂರುವ ಜಾಗ, ಕೂಲಿಂಗ್ ವ್ಯವಸ್ಥೆ ಇವುಗಳಲ್ಲಿ ಒಂದನ್ನು ಹಿಡಿದು, ಲೆಕ್ಕದಿಂದ ಲೋಹದವರೆಗೆ, ಲೋಹದಿಂದ ಅಳತೆಯವರೆಗೆ ಕೊಂಡೊಯ್ಯುವುದು ನಾಲ್ಕು ಜನಕ್ಕೆ ಒಂದು ವರ್ಷದ ತುಂಬು ಕೆಲಸ. ಪ್ರದರ್ಶನದ ದಿನ ಜನ ಸುತ್ತುಗಟ್ಟಿ ನಿಲ್ಲುವುದಿಲ್ಲ ಎಂಬುದೊಂದೇ ಇದರ ಮೇಲಿರುವ ದೂರು.

ಬ್ರೇಕನ್ನೇ ತೆಗೆದುಕೊಳ್ಳೋಣ. ಚಾಲಕರೂ ಸೇರಿ 300 ಕಿ.ಗ್ರಾಂ. ತೂಗುವ ಕಾರು ಗಂಟೆಗೆ 72 ಕಿ.ಮೀ. ವೇಗದಿಂದ, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಿಂದ, ಪೂರ್ತಿ ನಿಂತರೆ 60 ಕಿಲೋಜೂಲ್ ಚಲನಶಕ್ತಿ ಬಿಸಿಯಾಗಿ ಮಾರ್ಪಡಬೇಕು. ಕಾರಿನ ಭಾರಕೇಂದ್ರ ನೆಲದಿಂದ 0.3 ಮೀಟರ್ ಎತ್ತರದಲ್ಲಿದೆ, ಚಕ್ರಗಳ ನಡುವಿನ ಅಂತರ 1.55 ಮೀಟರ್, ನಿಂತಾಗ ಮುಂದಿನ ಚಕ್ರಗಳ ಮೇಲೆ ಶೇ. 48ರಷ್ಟು ಭಾರವಿದೆ ಎನ್ನೋಣ. 1.5 ಜಿ ಪ್ರಮಾಣದಲ್ಲಿ (ಗುರುತ್ವ ವೇಗೋತ್ಕರ್ಷದ ಒಂದೂವರೆ ಪಟ್ಟು) ಬ್ರೇಕ್ ಹಿಡಿದಾಗ ಭಾರದ ಶೇ. 29ರಷ್ಟು ಮುಂದಕ್ಕೆ ಸರಿಯುತ್ತದೆ, ಮುಂದಿನ ಪಾಲು ಶೇ. 77 ಆಗುತ್ತದೆ. ಬ್ರೇಕ್ ಬಲವೂ ಅದೇ ಅನುಪಾತದಲ್ಲಿ ಹಂಚಿಕೆಯಾದರೆ ಮುಂದಿನ ಎರಡು ಡಿಸ್ಕ್‌ಗಳು 46 ಕಿಲೋಜೂಲ್ ನುಂಗಬೇಕು. ತಲಾ ಅರ್ಧ ಕಿಲೋ ತೂಗುವ ಎರಕದ ಕಬ್ಬಿಣದ ಡಿಸ್ಕ್‌ಗಳಾದರೆ, ಗಾಳಿಗೆ ಏನೂ ಹೋಗಲಿಲ್ಲವೆಂದು ಭಾವಿಸಿದಾಗ, ಒಂದೇ ನಿಲುಗಡೆಗೆ ಅವು ಸುಮಾರು 100 ಡಿಗ್ರಿ ಸೆಲ್ಸಿಯಸ್ ಕಾಯುತ್ತವೆ. ಮುಂದಿನ ತಿರುವಿಗೆ ಬರುವಷ್ಟರಲ್ಲಿ ಎಷ್ಟು ಆರುತ್ತವೆ? ಹತ್ತು ತಿರುವುಗಳಾದ ಮೇಲೆ ಎಲ್ಲಿಗೆ ಮುಟ್ಟುತ್ತವೆ? ತೂಕ ಉಳಿಸಲೆಂದು ಡಿಸ್ಕ್‌ಗೆ ಕೊರೆದ ರಂಧ್ರಗಳು ಈ ಲೆಕ್ಕವನ್ನು ಹೇಗೆ ಬದಲಿಸುತ್ತವೆ? ಇಷ್ಟಕ್ಕೆಲ್ಲ ಒಂದು ಪುಟದ ಲೆಕ್ಕ ಸಾಕು. ಆದರೆ ಅದು ನಿಜವೇ ಎಂದು ತಿಳಿಯಲು ಉಷ್ಣಯುಗ್ಮ (ಉಷ್ಣತೆ ಅಳೆಯುವ ಸಂವೇದಕ) ಕೂರಿಸಿದ ಡಿಸ್ಕ್ ಒಂದನ್ನು ತಿರುಗಿಸಿ, ಹಿಡಿದು, ಮತ್ತೆ ತಿರುಗಿಸಿ ನೋಡಬೇಕು. ಅಲ್ಲಿಗೆ ಪ್ರಾಜೆಕ್ಟಿಗೆ ಪ್ರಶ್ನೆಯೂ ಸಿಕ್ಕಿತು, ಉಪಕರಣವೂ ಸಿಕ್ಕಿತು.

ಈ ಆಯ್ಕೆಯಲ್ಲಿ ಅಪಾಯವಿರುವುದು ಪರಾವಲಂಬನೆಯಲ್ಲಿ. ಭಾಗ ಸಿದ್ಧವಾದರೂ ಅದು ಕೂರಬೇಕಾದ ಕಾರು ಸಿದ್ಧವಾಗದಿದ್ದರೆ ಅಳತೆಗೆ ದಾರಿಯಿಲ್ಲ. ಇದಕ್ಕೆ ಪರಿಹಾರ, ಭಾಗದ ಜೊತೆಗೆ ಅದನ್ನು ಪರೀಕ್ಷಿಸುವ ಮೇಜನ್ನೂ ತಾವೇ ವಿನ್ಯಾಸ ಮಾಡುವುದು. ಉದಾಹರಣೆಗೆ, ಫಾರ್ಮುಲಾ ನಿಯಮದ ಪ್ರಕಾರ ಬ್ರೇಕ್ ಪೆಡಲ್ 2000 ನ್ಯೂಟನ್ ಬಲವನ್ನು ಮುರಿಯದೆ ತಾಳಬೇಕು. ಒಂದು ಗಟ್ಟಿ ಚೌಕಟ್ಟು, ಒಂದು ಜ್ಯಾಕ್, ಬಲವನ್ನು ಅಳೆಯುವ ಒಂದು ಲೋಡ್‌ಸೆಲ್ ಇದ್ದರೆ ಆ ಪರೀಕ್ಷೆಯನ್ನು ಕಾರಿನ ಹಂಗಿಲ್ಲದೆ ಮಾಡಬಹುದು. ಪೆಡಲ್‌ನ ಬುಡಕ್ಕೆ, ಲೋಹದ ಸೂಕ್ಷ್ಮ ಹಿಗ್ಗುವಿಕೆಯನ್ನು ಅಳೆಯುವ ಸ್ಟ್ರೇನ್ ಗೇಜ್ ಅಂಟಿಸಿದರೆ ಕಂಪ್ಯೂಟರಿನ ಒತ್ತಡ ವಿಶ್ಲೇಷಣೆ ಎಷ್ಟು ಸರಿ ಎಂಬುದೂ ಗೊತ್ತಾಗುತ್ತದೆ. ಜೊತೆಗೆ, ಅಕ್ಕಪಕ್ಕದ ಭಾಗಗಳನ್ನು ನೋಡಿಕೊಳ್ಳುವ ತಂಡಗಳೊಡನೆ ಬೋಲ್ಟ್ ರಂಧ್ರಗಳ ಸ್ಥಾನ, ಲಭ್ಯ ಜಾಗ ಮತ್ತು ಗರಿಷ್ಠ ತೂಕವನ್ನು ಲಿಖಿತವಾಗಿ ಒಪ್ಪಿಕೊಂಡಿರಬೇಕು. ಬಾಯಿಮಾತಿನ ಒಪ್ಪಂದ ಜೋಡಣೆಯ ದಿನದವರೆಗೆ ಮಾತ್ರ ಬಾಳುತ್ತದೆ.

ಕಚ್ಚಾ ನೆಲದ ಬಗ್ಗಿ

ಬಾಹಾ ಎಸ್‌ಎಇ ಸ್ಪರ್ಧೆ ಫಾರ್ಮುಲಾಕ್ಕಿಂತ ಹಳೆಯದು, 1976ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಇಲ್ಲಿ ಎಲ್ಲ ತಂಡಗಳಿಗೂ ಒಂದೇ ಮಾದರಿಯ ಚಿಕ್ಕ ಎಂಜಿನ್; ಅದನ್ನು ತಿದ್ದುವಂತಿಲ್ಲ. ಇದೊಂದು ನಿಯಮದಿಂದ ಕೆಲಸದ ಅರ್ಧ ಭಾರ ಇಳಿಯುತ್ತದೆ. ಉಳಿದ ಪೈಪೋಟಿ ತೂಕ, ಸಿವಿಟಿ (ಮೆಟ್ಟಿಲಿಲ್ಲದೆ ಬದಲಾಗುವ ಗೇರ್ ವ್ಯವಸ್ಥೆ) ಹೊಂದಾಣಿಕೆ, ಸಸ್ಪೆನ್ಷನ್ ಮತ್ತು ಗಟ್ಟಿತನದಲ್ಲಿ. ನಾಲ್ಕು ಗಂಟೆಗಳ ಸಹಿಷ್ಣುತೆಯ ಓಟಕ್ಕೆ 400 ಅಂಕಗಳಿರುವುದರಿಂದ ಮುರಿಯದ ಗಾಡಿಯೇ ಗೆಲ್ಲುವ ಗಾಡಿ.

ಕೈಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಆಯ್ಕೆ ಕಡಿಮೆ. ಕೊಳವೆ ಬಗ್ಗಿಸುವುದು, ತುದಿಗಳನ್ನು ಕೊರೆದು ಒಂದಕ್ಕೊಂದು ಹೊಂದಿಸುವುದು, ಜಿಗ್‌ನಲ್ಲಿ ಹಿಡಿದು ಬೆಸೆಯುವುದು, ಬೆಸೆದ ಮೇಲೆ ಬಿಸಿಯಿಂದ ಚೌಕಟ್ಟು ಎಷ್ಟು ತಿರುಚಿಕೊಂಡಿತೆಂದು ಅಳೆಯುವುದು, ಇವೆಲ್ಲವೂ ಮೊದಲ ತಿಂಗಳುಗಳಲ್ಲೇ ಬರುತ್ತವೆ. ಆದರೆ ಅಳತೆಯ ದೃಷ್ಟಿಯಿಂದ ಬಗ್ಗಿ ಸ್ವಲ್ಪ ಮೋಸದ ವಾಹನ: ಕಚ್ಚಾ ನೆಲ ಎರಡು ಬಾರಿ ಒಂದೇ ತೆರನಾಗಿ ಇರುವುದಿಲ್ಲವಾದ್ದರಿಂದ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬದಲಿಸಿದ್ದರಿಂದ ಸುಧಾರಣೆಯಾಯಿತೇ, ಮಣ್ಣು ಒಣಗಿದ್ದರಿಂದ ಆಯಿತೇ ಎಂದು ಬೇರ್ಪಡಿಸುವುದು ಕಷ್ಟ. ಗೊತ್ತಾದ ಎತ್ತರದ ಮರದ ದಿಮ್ಮಿಗಳನ್ನು ಗೊತ್ತಾದ ಅಂತರದಲ್ಲಿ ಜೋಡಿಸಿ, ಒಂದೇ ವೇಗದಲ್ಲಿ ದಾಟಿಸಿ, ಸಸ್ಪೆನ್ಷನ್‌ನ ಚಲನೆಯನ್ನು ದಾಖಲಿಸುವಂತಹ ಯೋಜನೆ ಮೊದಲೇ ಇದ್ದರೆ ಈ ಕೊರತೆ ನೀಗುತ್ತದೆ. ಎಂಟರಿಂದ ಹತ್ತು ಜನ, ಒಳ್ಳೆಯ ವೆಲ್ಡಿಂಗ್ ವ್ಯವಸ್ಥೆ, ಓಡಿಸಲು ಖಾಲಿ ನೆಲ ಇದ್ದಲ್ಲಿ ಪೂರ್ಣ ವಾಹನದ ಆಸೆಯನ್ನು ಇಲ್ಲಿ ತೀರಿಸಿಕೊಳ್ಳುವುದು ಫಾರ್ಮುಲಾಕ್ಕಿಂತ ಸುಲಭ.

ಕಡಿಮೆ ಇಂಧನದ ವಾಹನ

ಒಂದು ಲೀಟರ್ ಇಂಧನದಲ್ಲಿ ಎಷ್ಟು ದೂರ ಎಂಬ ಒಂದೇ ಪ್ರಶ್ನೆಯ ಸುತ್ತ ಕಟ್ಟುವ ವಾಹನವನ್ನು ವಿದ್ಯಾರ್ಥಿಗಳು ಯಾಕೋ ಕೀಳಂದಾಜು ಮಾಡುತ್ತಾರೆ. ವೇಗವಿಲ್ಲ, ಸದ್ದಿಲ್ಲ ಎಂಬುದೇ ಕಾರಣವಿರಬೇಕು. ಶೆಲ್ ಇಕೋ-ಮ್ಯಾರಥಾನ್‌ನ ಮೂಲ 1939ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರ ಸಹೋದ್ಯೋಗಿಗಳು ತಮ್ಮತಮ್ಮಲ್ಲಿ ಕಟ್ಟಿದ ಪಂದ್ಯ; ಇಂದಿನ ರೂಪದ ಸ್ಪರ್ಧೆ 1985ರಲ್ಲಿ ಫ್ರಾನ್ಸ್‌ನಲ್ಲಿ ಆರಂಭವಾಯಿತು. ಇಟಿಎಚ್ ಜ್ಯೂರಿಕ್‌ನ ‘ಪ್ಯಾಕ್-ಕಾರ್ 2’ ಎಂಬ ಜಲಜನಕದ ವಾಹನ 2005ರಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಸಮನಾದ ಶಕ್ತಿಯಲ್ಲಿ 5385 ಕಿ.ಮೀ. ಕ್ರಮಿಸಿತು.

ಇಂತಹ ವಾಹನದ ಲೆಕ್ಕ ಎಷ್ಟು ಸೂಕ್ಷ್ಮವೆಂಬುದನ್ನು ನೋಡಿ. ಚಾಲಕರೂ ಸೇರಿ 100 ಕಿ.ಗ್ರಾಂ. ತೂಕ, ಉರುಳು ನಿರೋಧದ ಗುಣಾಂಕ 0.0015 ಇರುವ ವಿಶೇಷ ಟೈರುಗಳು ಎಂದುಕೊಂಡರೆ ಉರುಳುವಿಕೆಗೆ ಬೇಕಾದ ಬಲ ಸುಮಾರು 1.5 ನ್ಯೂಟನ್. ಗಂಟೆಗೆ 25 ಕಿ.ಮೀ. ವೇಗದಲ್ಲಿ, ಗಾಳಿ ತಡೆಯ ಗುಣಾಂಕ ಮತ್ತು ಮುಂಭಾಗದ ವಿಸ್ತೀರ್ಣದ ಗುಣಲಬ್ಧ 0.05 ಚದರ ಮೀಟರ್ ಇದ್ದರೆ, ಗಾಳಿಯ ತಡೆಯೂ ಹೆಚ್ಚುಕಡಿಮೆ ಅಷ್ಟೇ. ಒಟ್ಟು 3 ನ್ಯೂಟನ್, ಅಂದರೆ ಸುಮಾರು 20 ವ್ಯಾಟ್ ಸಾಕು. ಸಾಮಾನ್ಯ ಕಾರಿನ ಟೈರುಗಳಲ್ಲಿರುವಂತೆ ಗುಣಾಂಕ 0.01 ಇದ್ದಿದ್ದರೆ ಉರುಳು ನಿರೋಧವೊಂದೇ 10 ನ್ಯೂಟನ್ ಹತ್ತಿರ ಹೋಗುತ್ತಿತ್ತು. ಇಷ್ಟು ಚಿಕ್ಕ ಬಲಗಳ ನಡುವೆ ಚಕ್ರದ ಟೋ ಕೋನ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಪ್ರಮಾಣ) ಒಂದಿಷ್ಟು ತಪ್ಪಿದರೂ, ಬ್ರೇಕ್ ಪ್ಯಾಡ್ ಕೂದಲೆಳೆಯಷ್ಟು ಉಜ್ಜಿದರೂ ಫಲಿತಾಂಶದಲ್ಲಿ ಕಾಣುತ್ತದೆ.

ಅಳತೆಗೆ ದುಬಾರಿ ಉಪಕರಣ ಬೇಡ. ಸಮತಟ್ಟಾದ ದಾರಿಯಲ್ಲಿ ವಾಹನವನ್ನು ಒಂದು ವೇಗಕ್ಕೆ ತಂದು, ಶಕ್ತಿ ಕಡಿದು, ತಾನಾಗಿ ಉರುಳಲು ಬಿಟ್ಟು ವೇಗ ಇಳಿಯುವುದನ್ನು ದಾಖಲಿಸಿದರೆ ಎರಡೂ ನಿರೋಧಗಳನ್ನು ಬೇರ್ಪಡಿಸಬಹುದು. ಎರಡು ದಿಕ್ಕಿನಲ್ಲೂ ಓಡಿಸಿ ಸರಾಸರಿ ತೆಗೆದರೆ ಇಳಿಜಾರು ಮತ್ತು ಗಾಳಿಯ ಪ್ರಭಾವ ಬಹುಮಟ್ಟಿಗೆ ಕಳೆಯುತ್ತದೆ. ನಾಲ್ಕೈದು ಜನರ ತಂಡ ಪೂರ್ಣ ವಾಹನವನ್ನೇ ಕಟ್ಟಬೇಕೆಂದು ಹಟ ಹಿಡಿದರೆ, ಈ ಎಲ್ಲ ಆಯ್ಕೆಗಳಲ್ಲಿ ಕಾಲಮಿತಿಯೊಳಗೆ ಮುಗಿಯುವ ಸಂಭವ ಹೆಚ್ಚಿರುವುದು ಇದಕ್ಕೆ. ಕಾರ್ಬನ್ ಫೈಬರ್ ಹೊದಿಕೆಯ ಅಚ್ಚು ಮಾತ್ರ ಸಮಯ ನುಂಗುವ ಕೆಲಸ. ಮೊದಲ ಬಾರಿಗೆ ಕೈಹಾಕುವವರು ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ತೆಳು ಹೊದಿಕೆಯಿಂದ ತೃಪ್ತರಾಗುವುದು ಒಳ್ಳೆಯದು.

ಇರುವ ವಾಹನವನ್ನು ವಿದ್ಯುತ್ತಿಗೆ ಬದಲಿಸುವುದು

ಹಳೆಯ ಕಾರು ಅಥವಾ ದ್ವಿಚಕ್ರ ವಾಹನದ ಎಂಜಿನ್ ಇಳಿಸಿ ಮೋಟಾರ್ ಕೂರಿಸುವ ಪ್ರಾಜೆಕ್ಟಿಗೆ ಒಂದು ದೊಡ್ಡ ಅನುಕೂಲವಿದೆ: ಚಾಸಿ, ಸಸ್ಪೆನ್ಷನ್, ಬ್ರೇಕ್, ಸ್ಟಿಯರಿಂಗ್ ಎಲ್ಲವೂ ಸಿದ್ಧವಾಗಿ ಬಂದಿರುತ್ತವೆ. ಅದೇ ಕಾರಣಕ್ಕೆ ಇದು ಸುಲಭವೆಂಬ ಭ್ರಮೆಯೂ ಹುಟ್ಟುತ್ತದೆ. ಎಂಜಿನ್ ಹೋದಾಗ ಅದರ ಜೊತೆಗೆ ಹೋಗುವ ವಸ್ತುಗಳ ಪಟ್ಟಿಯನ್ನು ಮೊದಲು ಮಾಡಿಕೊಳ್ಳಬೇಕು. ಎಷ್ಟೋ ಪೆಟ್ರೋಲ್ ಕಾರುಗಳಲ್ಲಿ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್‌ನ ಇನ್‌ಟೇಕ್ ಕೊಡುವ ನಿರ್ವಾತದಿಂದ. ಎಂಜಿನ್ ತೆಗೆದ ಕೂಡಲೇ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ, ವಿದ್ಯುತ್ ನಿರ್ವಾತ ಪಂಪು ಬೇಕಾಗುತ್ತದೆ. 12 ವೋಲ್ಟಿನ ದೀಪ, ಹಾರ್ನ್, ವೈಪರ್‌ಗಳಿಗೆ ಆಲ್ಟರ್ನೇಟರ್ ಬದಲು ಡಿಸಿ-ಡಿಸಿ ಕನ್ವರ್ಟರ್ ಬೇಕು. ಹೈಡ್ರಾಲಿಕ್ ಪವರ್ ಸ್ಟಿಯರಿಂಗ್ ಇದ್ದರೆ ಅದಕ್ಕೂ ಬೇರೆ ಪಂಪು. ಮೂಲ ಗೇರ್‌ಬಾಕ್ಸನ್ನು ಉಳಿಸಿಕೊಂಡರೆ ಮೋಟಾರಿನ ಅಕ್ಷವೂ ಗೇರ್‌ಬಾಕ್ಸಿನ ಅಕ್ಷವೂ ಒಂದೇ ರೇಖೆಯಲ್ಲಿ ಬರುವಂತೆ ಅಡಾಪ್ಟರ್ ಪ್ಲೇಟನ್ನು ಕಡೆದು, ಡಯಲ್ ಗೇಜ್ ಇಟ್ಟು ಪರೀಕ್ಷಿಸಬೇಕು. ಇಲ್ಲಿ ತಪ್ಪಿದ್ದು ಮೊದಲು ಕಂಪನವಾಗಿ, ಆಮೇಲೆ ಬೇರಿಂಗಿನ ಸದ್ದಾಗಿ ಹೊರಬರುತ್ತದೆ.

ಬ್ಯಾಟರಿಯ ವಿಷಯದಲ್ಲಿ ಧೈರ್ಯಕ್ಕಿಂತ ಶಿಸ್ತು ಮುಖ್ಯ. 3.6 ವೋಲ್ಟಿನ 20 ಲಿಥಿಯಂ ಅಯಾನ್ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ಹೆಸರಿಗೆ 72 ವೋಲ್ಟ್. ಪೂರ್ತಿ ಚಾರ್ಜ್ ಆದಾಗ ಪ್ರತಿ ಸೆಲ್ 4.2 ವೋಲ್ಟ್ ತಲುಪುವುದರಿಂದ ನಿಜವಾಗಿ 84 ವೋಲ್ಟ್. ವಾಹನಗಳಲ್ಲಿ 60 ವೋಲ್ಟ್ ಡಿಸಿಗಿಂತ ಮೇಲಿನದನ್ನು ಅಪಾಯಕಾರಿಯೆಂದೇ ಪರಿಗಣಿಸುತ್ತಾರೆ. ಇನ್ನೊಂದು, ಮೋಟಾರ್ ಕಂಟ್ರೋಲರ್ ಒಳಗಿನ ಕೆಪಾಸಿಟರ್‌ಗಳು ಖಾಲಿಯಿರುವಾಗ ಬ್ಯಾಟರಿಯನ್ನು ನೇರವಾಗಿ ಜೋಡಿಸಿದರೆ ಕ್ಷಣಮಾತ್ರ ಹರಿಯುವ ಭಾರೀ ಕರೆಂಟಿಗೆ, ಬ್ಯಾಟರಿಯನ್ನು ಜೋಡಿಸುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್‌ನ ತುದಿಗಳು ಬೆಸೆದುಕೊಳ್ಳಬಹುದು. ಬೆಸೆದುಕೊಂಡ ಕಾಂಟ್ಯಾಕ್ಟರ್ ಅಂದರೆ ಆಫ್ ಮಾಡಿದರೂ ಆಫ್ ಆಗದ ವಾಹನ. ಮೊದಲು ಒಂದು ರೆಸಿಸ್ಟರ್ ಮೂಲಕ ಕೆಪಾಸಿಟರನ್ನು ತುಂಬಿಸಿ, ವೋಲ್ಟೇಜ್ ಸಮೀಪಿಸಿದ ಮೇಲೆ ಮುಖ್ಯ ಕಾಂಟ್ಯಾಕ್ಟರ್ ಮುಚ್ಚುವ ಪ್ರೀ-ಚಾರ್ಜ್ ಮಂಡಲವನ್ನು ‘ಆಮೇಲೆ ಹಾಕೋಣ’ ಎಂದು ಮುಂದೂಡುವ ತಂಡಕ್ಕೆ ಮಾರ್ಗದರ್ಶಕರು ಬ್ಯಾಟರಿ ಮುಟ್ಟಲು ಬಿಡಬಾರದು.

ಕಿ.ಮೀ.ಗೆ ಎಷ್ಟು ವ್ಯಾಟ್-ಗಂಟೆ ಖರ್ಚಾಯಿತು, ಲೆಕ್ಕ ಎಷ್ಟು ಹೇಳಿತ್ತು, ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ಇಲ್ಲಿನ ಸಹಜ ಅಳತೆ. ಬದಲಾಯಿಸಿದ ವಾಹನವನ್ನು ಸಾರ್ವಜನಿಕ ರಸ್ತೆಗೆ ಇಳಿಸಲು ಬೇಕಾದ ಅನುಮತಿಯ ಪ್ರಕ್ರಿಯೆ ಪ್ರಾಜೆಕ್ಟಿನ ಅವಧಿಯೊಳಗೆ ಮುಗಿಯುವಂಥದ್ದಲ್ಲ. ಮುಚ್ಚಿದ ಆವರಣದಲ್ಲೇ ಓಡಿಸುವುದೆಂದು ಮೊದಲೇ ತೀರ್ಮಾನಿಸುವುದು ಕ್ಷೇಮ.

ಪರೀಕ್ಷಾ ಸಾಧನ ಕಟ್ಟುವುದು

ಶಾಕ್ ಅಬ್ಸಾರ್ಬರ್ ಅಳೆಯುವ ಯಂತ್ರ, ಒಂದು ಸಿಲಿಂಡರಿನ ಎಂಜಿನ್ ಪರೀಕ್ಷಾ ಮೇಜು, ಚಾಸಿಯ ತಿರುಚು ಗಡಸುತನ ಅಳೆಯುವ ಚೌಕಟ್ಟು ಇಂಥವನ್ನು ಕಟ್ಟುವುದು ಆಕರ್ಷಕವಾಗಿ ಕಾಣದ, ಆದರೆ ಅಳತೆಯೇ ಉದ್ದೇಶವಾಗಿರುವುದರಿಂದ ವ್ಯರ್ಥವಾಗದ ಆಯ್ಕೆ. ಮೂರು ನಾಲ್ಕು ಜನ ಸಾಕು, ಓಡಿಸಲು ಮೈದಾನ ಬೇಡ, ಮಳೆಯ ಭಯವಿಲ್ಲ. ಮುಂದಿನ ತಂಡಗಳಿಗೂ ಬಳಕೆಗೆ ಬರುತ್ತದೆ.

ಕಷ್ಟವಿರುವುದು ನಿಖರತೆಯಲ್ಲಿ. ಸಿಲಿಂಡರ್ ಒಳಗಿನ ಒತ್ತಡವನ್ನು ಕ್ರ್ಯಾಂಕ್‌ನ ಕೋನಕ್ಕೆ ಹೊಂದಿಸಿ ದಾಖಲಿಸುವಾಗ ಪಿಸ್ಟನ್ ತುತ್ತತುದಿಗೆ ಬರುವ ಕ್ಷಣವನ್ನು ಒಂದೇ ಡಿಗ್ರಿ ತಪ್ಪಾಗಿ ಗುರುತಿಸಿದರೂ ಅದರಿಂದ ಲೆಕ್ಕ ಹಾಕುವ ಶಕ್ತಿಯಲ್ಲಿ ಗಣನೀಯ ದೋಷ ಸೇರಿಕೊಳ್ಳುತ್ತದೆ, ಗ್ರಾಫ್ ಮಾತ್ರ ಎಂದಿನಂತೆ ಸುಂದರವಾಗಿಯೇ ಕಾಣುತ್ತದೆ. ಅಳತೆಯ ಅನಿಶ್ಚಿತತೆಯನ್ನು ಲೆಕ್ಕ ಹಾಕಲು ಬೇಸರಿಸುವ ತಂಡಕ್ಕೆ ಈ ಆಯ್ಕೆ ಹೇಳಿದ್ದಲ್ಲ.

ಚಿಕ್ಕ ಗಾತ್ರದ ಚಾಲಕರಹಿತ ವಾಹನ

ನಿಜವಾದ ಕಾರಿನ ಹತ್ತನೇ ಒಂದರಷ್ಟು ಗಾತ್ರದ ರಿಮೋಟ್ ಕಾರಿಗೆ ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಂವೇದಕ), ಕ್ಯಾಮೆರಾ, ಚಿಕ್ಕ ಕಂಪ್ಯೂಟರ್ ಕೂರಿಸಿ ತಾನೇ ದಾರಿ ಹುಡುಕುವಂತೆ ಮಾಡುವುದು ಈಗ ಜನಪ್ರಿಯ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಆರಂಭವಾದ ಎಫ್1ಟೆಂತ್ ಎಂಬ ಉಪಕ್ರಮ ಇದಕ್ಕೆ ಬೇಕಾದ ಜೋಡಣೆಯ ವಿವರ ಮತ್ತು ಪಾಠಗಳನ್ನು ಮುಕ್ತವಾಗಿ ಒದಗಿಸಿದೆ. 2017ರಲ್ಲಿ ಬಂದ ಕಾರ್ಲಾ ಎಂಬ ಮುಕ್ತ ಸಿಮ್ಯುಲೇಟರ್ ನಗರದ ರಸ್ತೆಗಳನ್ನು ಕಂಪ್ಯೂಟರಿನಲ್ಲೇ ಒದಗಿಸುತ್ತದೆ. ಡಿಕ್ಕಿ ಹೊಡೆದರೆ ಪ್ಲಾಸ್ಟಿಕ್ ಬಂಪರ್ ಹೋಗುತ್ತದೆ ಅಷ್ಟೇ. ಒಂದೇ ದಿನದಲ್ಲಿ ಹತ್ತಾರು ಓಟಗಳನ್ನು ಮುಗಿಸಿ ಅಂಕಿ ಅಂಶ ಕಲೆಹಾಕಬಹುದು. ಅಳತೆಗೆ ಸಿಗುವ ಸಮಯವನ್ನೇ ನೋಡಿದರೆ ಇದಕ್ಕೆ ಸಾಟಿಯಿಲ್ಲ.

ಆದರೆ ವಾಹನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎಚ್ಚರ ವಹಿಸದಿದ್ದರೆ ವಾಹನ ಮರೆಯಾಗಿ ಸಾಫ್ಟ್‌ವೇರ್ ಮಾತ್ರ ಉಳಿಯುತ್ತದೆ. ಸ್ಪಂಜಿನ ಚಿಕ್ಕ ಟೈರು ತಿರುವಿನಲ್ಲಿ ಹಿಡಿಯುವ ರೀತಿ ದೊಡ್ಡ ಟೈರಿನದಲ್ಲ; ಅಲ್ಲಿ ಸಿಕ್ಕ ಫಲಿತಾಂಶವನ್ನು ಹತ್ತರಿಂದ ಗುಣಿಸಿ ಕಾರಿಗೆ ಅನ್ವಯಿಸಲಾಗದು. ವಾಹನದ ಪ್ರಶ್ನೆಯನ್ನೇ ಕೇಳಬೇಕು. ಕ್ಯಾಮೆರಾ ನೋಡಿದ ಕ್ಷಣದಿಂದ ಚಕ್ರ ತಿರುಗುವ ಕ್ಷಣದವರೆಗೆ 100 ಮಿಲಿಸೆಕೆಂಡ್ ಹಿಡಿದರೆ, ಸೆಕೆಂಡಿಗೆ 3 ಮೀಟರ್ ಓಡುವ ಚಿಕ್ಕ ಕಾರು ಅಷ್ಟರಲ್ಲಿ 30 ಸೆಂ.ಮೀ. ಮುಂದೆ ಹೋಗಿರುತ್ತದೆ, ಸೆಕೆಂಡಿಗೆ 20 ಮೀಟರ್ ಓಡುವ ನಿಜವಾದ ಕಾರು 2 ಮೀಟರ್. ಈ ವಿಳಂಬದಲ್ಲಿ ಸಂವೇದಕದ ಪಾಲೆಷ್ಟು, ಗಣನೆಯ ಪಾಲೆಷ್ಟು, ಸ್ಟಿಯರಿಂಗ್ ಮೋಟಾರಿನ ಪಾಲೆಷ್ಟು ಎಂದು ಬಿಡಿಸಿ ಅಳೆದು, ಅದಕ್ಕೆ ತಕ್ಕಂತೆ ನಿಯಂತ್ರಣವನ್ನು ತಿದ್ದುವುದು ಒಳ್ಳೆಯ ಪ್ರಾಜೆಕ್ಟ್. ಕಾರು ಗೆರೆ ಹಿಡಿದು ಓಡಿತು ಎಂಬುದು ಅಷ್ಟು ಒಳ್ಳೆಯದಲ್ಲ.

ಯಾರಿಗೆ ಯಾವುದು

ಕಾಲೇಜಿನಲ್ಲಿ ರೇಸ್ ಕಾರಿನ ತಂಡ ಈಗಾಗಲೇ ಇದ್ದರೆ ಅದರ ಒಂದು ಉಪವ್ಯವಸ್ಥೆ. ಇಲ್ಲದಿದ್ದರೆ, ವೆಲ್ಡಿಂಗ್ ಮತ್ತು ಲೇತ್ ಕೆಲಸ ಚೆನ್ನಾಗಿ ಬಲ್ಲ ದೊಡ್ಡ ತಂಡಕ್ಕೆ ಬಗ್ಗಿ, ಚಿಕ್ಕ ತಂಡಕ್ಕೆ ಕಡಿಮೆ ಇಂಧನದ ವಾಹನ ಎಂಬುದು ನನ್ನ ಶಿಫಾರಸು. ತಂಡದಲ್ಲಿ ಎಲೆಕ್ಟ್ರಿಕಲ್ ಮತ್ತು ಮೆಕ್ಯಾನಿಕಲ್ ಎರಡೂ ಕಡೆಯವರಿದ್ದರೆ ವಿದ್ಯುತ್ ಬದಲಾವಣೆ ಇಬ್ಬರಿಗೂ ಸಮನಾದ ಕೆಲಸ ಕೊಡುತ್ತದೆ. ವರ್ಕ್‌ಶಾಪ್ ದೊರೆಯುವುದು ವಾರಕ್ಕೆ ಕೆಲವೇ ಗಂಟೆ ಎಂದಾದರೆ ಪರೀಕ್ಷಾ ಸಾಧನ ಅಥವಾ ಚಿಕ್ಕ ಚಾಲಕರಹಿತ ವಾಹನದ ಕಡೆ ತಿರುಗಬೇಕು. ಯಂತ್ರಗಳು ಇವೆ ಎಂಬುದಕ್ಕೂ ಅವು ತಂಡಕ್ಕೆ ಸಿಗುತ್ತವೆ ಎಂಬುದಕ್ಕೂ ವ್ಯತ್ಯಾಸವಿದೆ. ವರ್ಕ್‌ಶಾಪ್ ನೋಡಿಕೊಳ್ಳುವವರನ್ನು ಕೇಳಿ, ವಾರದ ಗಂಟೆಗಳನ್ನು ಬರೆದುಕೊಂಡ ಮೇಲೆಯೇ ನಿರ್ಧರಿಸಬೇಕು.

ಮೌಲ್ಯಮಾಪನವನ್ನೂ ಮರೆಯುವಂತಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಪ್ರತಿಯೊಬ್ಬರನ್ನೂ ‘ನೀವು ಏನು ಮಾಡಿದಿರಿ’ ಎಂದು ಕೇಳುತ್ತಾರೆ. ಉಪವ್ಯವಸ್ಥೆಯ ಪ್ರಾಜೆಕ್ಟಿನಲ್ಲಿ ಒಬ್ಬರು ಉಷ್ಣ ಲೆಕ್ಕ, ಒಬ್ಬರು ಪರೀಕ್ಷಾ ಮೇಜು, ಒಬ್ಬರು ದತ್ತಾಂಶ ಎಂದು ಹಂಚುವುದು ಸುಲಭ. ಹತ್ತು ಜನರ ಬಗ್ಗಿಯಲ್ಲಿ ಕನಿಷ್ಠ ಇಬ್ಬರು ಎಲ್ಲರಿಗೂ ಸ್ಪ್ಯಾನರ್ ಎತ್ತಿಕೊಡುವ ಕೆಲಸಕ್ಕೇ ಸೀಮಿತರಾಗುವುದುಂಟು. ತಪ್ಪು ಅವರದ್ದಲ್ಲ, ಕೆಲಸ ಹಂಚಿದ ರೀತಿಯದ್ದು.

ಯಾವುದನ್ನೇ ಆರಿಸಿಕೊಂಡರೂ, ಎಂಟನೇ ವಾರದ ಹೊತ್ತಿಗೆ ವಿನ್ಯಾಸ ಅಂತಿಮಗೊಂಡು ಮುಖ್ಯ ಬಿಡಿಭಾಗಗಳಿಗೆ ಬೇಡಿಕೆ ಸಲ್ಲಿಕೆಯಾಗಿರದಿದ್ದರೆ ಪ್ರಾಜೆಕ್ಟನ್ನು ಕುಗ್ಗಿಸಲೇಬೇಕು. ಹೇಗೆ ಕುಗ್ಗಿಸುವುದೆಂಬ ಯೋಜನೆ ಮೊದಲ ವಾರವೇ ಬರಹದಲ್ಲಿರಲಿ. ಕಡಿಮೆ ಇಂಧನದ ವಾಹನದಲ್ಲಿ ಹೊದಿಕೆಯನ್ನು ಕೈಬಿಟ್ಟು, ಚೌಕಟ್ಟನ್ನಷ್ಟೇ ಉರುಳಿಸಿ ಟೈರು ಮತ್ತು ಬೇರಿಂಗುಗಳ ನಿರೋಧವನ್ನು ಅಳೆಯಬಹುದು. ವಿದ್ಯುತ್ ಬದಲಾವಣೆಯಲ್ಲಿ ಮೋಟಾರ್, ಕಂಟ್ರೋಲರ್, ಬ್ಯಾಟರಿಯನ್ನು ವಾಹನಕ್ಕೆ ಏರಿಸದೆ ಮೇಜಿನ ಮೇಲೆಯೇ ಹೊರೆ ಕೊಟ್ಟು ದಕ್ಷತೆಯ ನಕ್ಷೆ ತಯಾರಿಸಬಹುದು. ಬಗ್ಗಿಯಲ್ಲಿ ಹಿಂದಿನ ಸಸ್ಪೆನ್ಷನ್‌ನ ಒಂದೇ ಮೂಲೆಯನ್ನು ಕಟ್ಟಿ, ಗೋಡೆಗೆ ಭದ್ರಪಡಿಸಿದ ಚೌಕಟ್ಟಿನಲ್ಲಿ ಮೇಲೆ ಕೆಳಗೆ ಆಡಿಸಿ ಚಕ್ರದ ಕೋನಗಳನ್ನು ದಾಖಲಿಸಬಹುದು. ಪೂರ್ಣ ರೇಸ್ ಕಾರಿಗೆ ಇಂತಹ ಚಿಕ್ಕ ರೂಪ ಒಂದೇ: ಅದರ ಒಂದು ಭಾಗವನ್ನು ಆರಿಸಿಕೊಂಡು ಉಳಿದದ್ದನ್ನು ಮುಂದಿನ ವರ್ಷದ ತಂಡಕ್ಕೆ ನಕ್ಷೆಗಳ ಸಮೇತ ಒಪ್ಪಿಸುವುದು.